ನಾಲಿಗೆಯ ಮೇಲಿನ ಮರಳು

ಮೂರನೆಯ ಸಲ ಬಾಯಿ ಮುಕ್ಕಳಿಸಿ ಉಗಿದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ನಾಲಿಗೆಯನ್ನು ಹಲ್ಲಿನ ಸಾಲಿಗೆ ಒತ್ತಿ, ಅಂಗುಳಕ್ಕೆ ಒತ್ತಿ, ಏನಾದರೂ ಉಳಿದಿದೆಯೇ ಎಂದು ಹುಡುಕಿದ. ಏನೂ ಇರಲಿಲ್ಲ. ಆದರೂ ಕೈ ತಾನಾಗಿಯೇ ಮತ್ತೆ ತಂಬಿಗೆಗೆ ಹೋಯಿತು. “ಬಾಯೊಳಗೆ ಬಾವಿ ತೋಡ್ತಿದ್ದೀರೇನು?” ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು. “ಇನ್ನೊಂದು ಸಲ ಉಗಿದರೆ ಹಲ್ಲೂ ಹೊರಗೆ ಬರ್ತವೆ, ನೋಡಿ. ಇರೋದೇ ಇಪ್ಪತ್ತಾರು.” ಅವನಿಗೆ ನಗು ಬಂತು. ಬೆಳಿಗ್ಗೆ ಎದ್ದಾಗಿನಿಂದ ಯಾವುದಕ್ಕಾದರೂ ನಗು ಬರುತ್ತಿತ್ತು. ಚಪ್ಪಲಿ ಅದಲುಬದಲಾಗಿ ಮೆಟ್ಟಿದ್ದಕ್ಕೆ, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿದ್ದಕ್ಕೆ. ಐವತ್ತಮೂರು ವರ್ಷದವನ ಕಾಲು ಹೀಗೆ ನೆಲದ ಮೇಲೆ ನಿಲ್ಲದೆ ಇರಬಾರದು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಇಪ್ಪತ್ತಾರು ವರ್ಷ ಒಣಗಿ ನಿಂತಿದ್ದ ಕಾರಂಜಿಗೆ ಇವತ್ತು ಹನ್ನೊಂದು ಗಂಟೆಗೆ ನೀರು ಬಿಡುತ್ತಾರೆ. ನಾಳೆಯ ಉದ್ಘಾಟನೆ ದೊಡ್ಡವರದು, ಮೈಕಿನದು, ಹಾರದ್ದು. ಇವತ್ತಿನದು ಅವನದು. ಗಾರೆಯ ಪ್ರತಿಯೊಂದು ಸಂದೂ ಅವನ ಕರಣೆಯ ಕೆಳಗೆ ಹಾದು ಬಂದದ್ದು. ಹನ್ನೊಂದು ತಿಂಗಳು ಅವನು ಆ ಕಲ್ಲುಗಳ ಜೊತೆ ಮಾತಾಡಿದಷ್ಟು ಈ ಮನೆಯಲ್ಲಿ ಮಾತಾಡಿಲ್ಲ ಎಂದು ಹೆಂಡತಿ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಹಿತ್ತಿಲಿನ ಮಾಡಿನ ಕೆಳಗೆ ಆ ಇನ್ನೊಂದು ಕಲ್ಲು ಗೋಣಿ ಹೊದ್ದುಕೊಂಡು ಮಲಗಿತ್ತು. ಅದನ್ನು ನೋಡುತ್ತಲೇ ನಗು ನಿಂತಿತು. ಮೊಳವುದ್ದದ ಹಲಗೆಗಲ್ಲು, ಆರು ಸಾಲಿನ ಬರಹ. ಕಾರಂಜಿಯ ಕಟ್ಟೆಯಲ್ಲಿ ಅದಕ್ಕೆಂದೇ ಒಂದು ಗೂಡು ಬಿಟ್ಟಿದೆ. ಇವತ್ತು ಸಂಜೆಯೊಳಗೆ ಅದನ್ನು ಕೂರಿಸಬೇಕು. ಬರಹ ಕಾರಂಜಿಯ ಕೆಲಸ ಕೊಟ್ಟ ಆಫೀಸಿನಿಂದ ಟೈಪಾಗಿ, ಸಹಿಯಾಗಿ ಬಂದದ್ದು. ಯಾವಾಗ ಕಟ್ಟಿದರು, ಯಾರ ಕಾಲದಲ್ಲಿ, ನೀರು ಎಲ್ಲಿಂದ ಬರುತ್ತದೆ. ನಾಲ್ಕನೆಯ ಸಾಲು: ಉಪ್ಪುಮರಳು ಬಳಸಿ ಹಿಂದೆ ಮಾಡಿದ್ದ ಕಳಪೆ ದುರಸ್ತಿಯನ್ನು ತೆಗೆದುಹಾಕಿ… ಮಿಕ್ಕ ಐದು ಸಾಲು ಕೆತ್ತಿ, ಆ ಒಂದು ಸಾಲಿನ ಜಾಗ ಖಾಲಿ ಬಿಟ್ಟು, ಕಲ್ಲು ಅಲ್ಲಿ ಗಡುಸಾಗಿದೆ ಎಂದು ನೆಪ ಹೇಳುತ್ತ ಹದಿನೈದು ದಿನ ದೂಡಿದ್ದ. ನಿನ್ನೆ ಮಧ್ಯಾಹ್ನ ಕೂತು ಕೆತ್ತಿಬಿಟ್ಟ. ಹೇಗೋ ಮುಗಿಸೋಣ ಎಂದು ಕೂತದ್ದು. ಆದರೆ ಉಳಿ ಹಿಡಿದ ಕೈಗೆ ಬರಹದ ಅರ್ಥ ಗೊತ್ತಿಲ್ಲವಲ್ಲ; ಎದ್ದು ನಿಂತು ಧೂಳು ಊದಿ ನೋಡಿದರೆ ಆ ಸಾಲೇ ಉಳಿದೆಲ್ಲ ಸಾಲುಗಳಿಗಿಂತ ಚೆನ್ನಾಗಿ ಬಂದಿತ್ತು. ಒತ್ತಕ್ಷರಗಳು ಅಚ್ಚಿನಲ್ಲಿ ಹೊಯ್ದ ಹಾಗಿದ್ದವು. ‘ಕಳಪೆ’ ಎಂಬ ಮೂರಕ್ಷರದ ಮೇಲೆ ಬಿಸಿಲು ಬಿದ್ದು ನೆರಳು ಹರಿತವಾಗಿ ಕೂತಿತ್ತು. ಅವನು ಗೋಣಿ ಹೊದಿಸಿ ಒಳಗೆ ಹೋಗಿ ಎರಡು ಸಲ ಕೈ ತೊಳೆದುಕೊಂಡಿದ್ದ.

ಕಲ್ಲನ್ನು ತಳ್ಳುಗಾಡಿಗೆ ಏರಿಸಿ, ಉಳಿ ಸುತ್ತಿಗೆಯ ಚೀಲವನ್ನು ಪಕ್ಕಕ್ಕಿಟ್ಟು, ಇಳಿಜಾರಿನ ಬೀದಿಗೆ ಬಂದ. ಬೀದಿ ಸೀದಾ ಸಮುದ್ರಕ್ಕೇ ಇಳಿಯುವಂತೆ ಕಾಣುತ್ತದೆ. ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ಚೌಕಕ್ಕೆ ತಿರುಗುತ್ತದೆ. ಗಾಡಿ ಅವನನ್ನು ಎಳೆಯುತ್ತಿತ್ತೋ ಅವನು ಗಾಡಿಯನ್ನು ಹಿಡಿದಿದ್ದನೋ, ಹಿಮ್ಮಡಿ ಊರಿ ಊರಿ ಇಳಿಯುತ್ತಿದ್ದ. ದರ್ಜಿ ಅಂಗಡಿಯ ಬಾಗಿಲಿನಲ್ಲಿ ನಿಂತವನು, “ಏನ್ ಹತ್ತುನೀರು, ಇವತ್ತೇನಾ?” ಎಂದ. “ಇವತ್ತೇ,” ಎಂದ ಅವನು. ಹತ್ತುನೀರು ಎಂದೇ ಊರು ಅವನನ್ನು ಕರೆಯುವುದು. ಗಾರೆಗೆ ಹಾಕುವ ಮರಳನ್ನು ಬೇರೆಯವರು ಏಳು ನೀರಿನಲ್ಲಿ ತೊಳೆದರೆ ಅವನು ಹತ್ತು ನೀರಿನಲ್ಲಿ ತೊಳೆಯುತ್ತಾನೆ. ಸಮುದ್ರದ ಪಕ್ಕದ ಊರಿನಲ್ಲಿ ಇಂಥ ಮೇಸ್ತ್ರಿ ಸಿಗುವುದು ಪುಣ್ಯ ಎಂದು ಆಫೀಸಿನವರು ಈ ಕೆಲಸ ಕೊಡುವಾಗ ಕಡತದಲ್ಲಿ ಬರೆದಿದ್ದರಂತೆ. ಆ ಹೆಸರು ಕೇಳಿದಾಗಲೆಲ್ಲ ಅವನು ತಲೆ ತಗ್ಗಿಸುತ್ತಾನೆ. ಜನ ಅದನ್ನು ವಿನಯ ಎಂದುಕೊಂಡಿದ್ದಾರೆ.

ದೊಡ್ಡಪ್ಪನದು ಏಳೇ ನೀರು. ಏಳು ನೀರು, ಆಮೇಲೆ ನಾಲಿಗೆ. ಬಾನಿಯ ತಳದಿಂದ ಒಂದು ಚಿಟಿಕೆ ಮರಳೆತ್ತಿ, ಕಣ್ಣು ಮುಚ್ಚಿ, ನಾಲಿಗೆಯ ತುದಿಗಿಟ್ಟುಕೊಂಡು, ಒಂದು ಪದ್ಯ ಹೇಳಿ ಮುಗಿಸುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ನಿಜವಾಗಿಯೂ ಒಳಗೊಳಗೇ ಪದ್ಯ ಹೇಳಿಕೊಳ್ಳುತ್ತಿದ್ದ. ಸುಣ್ಣ ಅರೆಯುವಾಗ ಗಟ್ಟಿಯಾಗಿ, ರುಚಿ ನೋಡುವಾಗ ಮನಸ್ಸಿನಲ್ಲಿ. ತುಟಿಯ ಅಂಚು ಅಲುಗುವುದು ಕಾಣಿಸುತ್ತಿತ್ತು. ಪದ್ಯ ಮುಗಿದ ಮೇಲೆ ಉಗಿದು, ಸಪ್ಪೆ ಎನ್ನುತ್ತಿದ್ದ. ಅವರ ಮನೆತನದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಚಿಟಿಕೆ ಉಪ್ಪು ಉಳಿದರೂ ಅದು ಕಲ್ಲಿನೊಳಗೆ ಹೊಕ್ಕು, ಒಣಗಿ, ಹರಳುಗಟ್ಟಿ, ಕಲ್ಲನ್ನು ಒಳಗಿನಿಂದಲೇ ಸಿಪ್ಪೆ ಸುಲಿಯುತ್ತದೆ. ಹೊರಗೆ ಗೊತ್ತಾಗುವ ಹೊತ್ತಿಗೆ ಐದು ವರ್ಷ ಕಳೆದಿರುತ್ತದೆ. ಅದಕ್ಕೇ ಅವರ ಮನೆಯಲ್ಲಿ ಯಾರೂ ಸಮುದ್ರಕ್ಕೆ ಇಳಿಯುವ ಹಾಗಿರಲಿಲ್ಲ. ಬಾಗಿಲು ತೆಗೆದರೆ ಸಮುದ್ರ, ಮಲಗಿದರೆ ಕಿವಿಯಲ್ಲಿ ಸಮುದ್ರ, ಆದರೆ ಕಾಲು ನೆನೆಸಿದವರಿಲ್ಲ. ನಾಲಿಗೆ ಕೆಡುತ್ತದೆ, ಎನ್ನುತ್ತಿದ್ದ ದೊಡ್ಡಪ್ಪ. ಅಕ್ಕನಿಗೂ ಅದೇ ಕಟ್ಟು. ದೊಡ್ಡಪ್ಪನ ಒಬ್ಬಳೇ ಮಗಳು, ಕರಣೆ ಮುಟ್ಟದವಳು, ಶಾಲೆಯಲ್ಲಿ ಲೆಕ್ಕದ ಪಾಠ ಹೇಳುತ್ತಿದ್ದವಳು, ಅವಳ ನಾಲಿಗೆಯಿಂದ ಯಾವ ಕಟ್ಟಡ ನಿಲ್ಲಬೇಕಾಗಿತ್ತು? “ಮನೆಯ ನಾಲಿಗೆ ಅಂದರೆ ಮನೆಯವರೆಲ್ಲರ ನಾಲಿಗೆ,” ಎಂದಿದ್ದ. ಅಷ್ಟೇ ಮಾತು.

ಆಮೇಲೆ ದೊಡ್ಡಪ್ಪನಿಗೆ ಜ್ವರ ಬಂತು. ಇಪ್ಪತ್ತು ದಿನಕ್ಕೆ ಇಳಿಯಿತು, ಇಳಿಯುವಾಗ ರುಚಿಯನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ಯಾರಿಗೂ ಹೇಳಲಿಲ್ಲ. ಊಟಕ್ಕೆ ಕೂತಾಗ ಬೇರೆಯವರ ಮುಖ ನೋಡಿ ಹದವಾಗಿದೆ ಎನ್ನುತ್ತಿದ್ದ. ಒಂದು ದಿನ ದೊಡ್ಡಮ್ಮ ಉಪ್ಪು ಹಾಕುವುದನ್ನೇ ಮರೆತಿದ್ದಳು. ಯಾರೂ ಬಾಯಿ ಬಿಡುವ ಮೊದಲೇ ದೊಡ್ಡಪ್ಪ ಹದವಾಗಿದೆ ಎಂದುಬಿಟ್ಟ. ಎಲ್ಲರೂ ನಕ್ಕರು, ತಮಾಷೆ ಮಾಡುತ್ತಾನೆಂದು. ಎದುರಿಗೆ ಕೂತಿದ್ದ ಅವನು ನಗಲಿಲ್ಲ. ದೊಡ್ಡಪ್ಪ ಅವನನ್ನು ನೋಡಿದ. ಮಾರನೆಯ ದಿನ ಇದೇ ಕಾರಂಜಿಯ ಹಿಂದಿನ ದುರಸ್ತಿಯ ಕೆಲಸದಲ್ಲಿ, ಏಳನೆಯ ನೀರು ಚೆಲ್ಲಿದ ಮೇಲೆ, ಚಿಟಿಕೆ ಮರಳನ್ನು ತನ್ನ ಬಾಯಿಗಿಡುವ ಬದಲು ಅವನ ಕಡೆ ಚಾಚಿ, “ನೋಡು,” ಎಂದ. ಇಪ್ಪತ್ತೆರಡು ವರ್ಷ ಆಗ ಅವನಿಗೆ. ಅಷ್ಟು ದೊಡ್ಡ ಪಟ್ಟ ಅವನಿಗೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ಗಾಡಿಯ ಚಕ್ರ ಚೌಕದ ಕಲ್ಲುಹಾಸಿಗೆ ಬಡಿದು ಗಡಗಡಿಸಿತು. ಎಂಟು ಮೂಲೆಯ ತೊಟ್ಟಿ, ನಡುವೆ ಎದೆಯೆತ್ತರದ ಕಂಬ, ಕಂಬದ ನಾಲ್ಕು ದಿಕ್ಕಿಗೆ ನಾಲ್ಕು ಕಲ್ಲುಮೀನು. ಒಂದು ಮಾರುಕಟ್ಟೆಯ ಕಡೆಗೆ, ಒಂದು ಶಾಲೆಯ ಕಡೆಗೆ, ಒಂದು ಆಫೀಸಿನ ಕಡೆಗೆ ಬಾಯಿ ತೆರೆದಿವೆ. ನಾಲ್ಕನೆಯದು ಸಮುದ್ರದ ಕಡೆಗೆ. ದೋಣಿಯಿಂದ ಇಳಿದವರು ಮೊದಲು ಬಾಯಿ ಒಡ್ಡುತ್ತಿದ್ದದ್ದು ಇದಕ್ಕೇ. ವಾರಗಟ್ಟಲೆ ಉಪ್ಪುಗಾಳಿ ಕುಡಿದು ಬಂದವರು ಇಲ್ಲಿ ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಅದರ ಕೆಳದವಡೆಯೇ ಮೊದಲು ಕಳಚಿ ಬಿದ್ದದ್ದು. ಹೊಸ ದವಡೆಯನ್ನು ಅವನು ನಾಲ್ಕು ತಿಂಗಳು ಕೆತ್ತಿದ್ದ. ಈಗ ಬೆಳಗಿನ ಬಿಸಿಲಿಗೆ ಹಳೆ ಕಲ್ಲು ಹೊಸ ಕಲ್ಲು ಸೇರಿದ ಗೆರೆ ಅವನಿಗೂ ಹುಡುಕಿದರೆ ಮಾತ್ರ ಕಾಣುತ್ತಿತ್ತು. ಅದರ ಮುಂದೆ ನಿಂತಾಗ ಎದೆ ಹಾರಿ ಹಾರಿ ಬಿತ್ತು. ಸುಂದರವಾಗಿದೆ, ಎಂದುಕೊಂಡ. ದೇವರೇ, ಎಷ್ಟು ಸುಂದರವಾಗಿದೆ.

“ಮೇಸ್ತ್ರಿಗಳೇ, ಕಲ್ಲು ತಂದಿರಾ? ಪುಣ್ಯಾತ್ಮ,” ಎಂದಳು ಇಂಜಿನಿಯರಮ್ಮ. ಈ ಕೆಲಸದ ಮೇಲ್ವಿಚಾರಣೆಗೆ ಆಫೀಸು ಹಾಕಿದವಳು; ಮೂವತ್ತೂ ತುಂಬಿರದ, ಒಂದು ನಿಮಿಷ ಕೂರದ ಹೆಣ್ಣು. ಕೈಯಲ್ಲಿ ಯಾವಾಗಲೂ ಅದೇ ಪುಟ್ಟ ಡಬ್ಬಿ, ಅದರ ತುಂಬ ಕಾಗದದ ಪಟ್ಟಿಗಳು. ಮರಳು ತೊಳೆದ ನೀರಿಗೆ ಅದ್ದಿದರೆ ಉಪ್ಪಿದ್ದಷ್ಟು ಬಣ್ಣ ತಿರುಗುತ್ತದೆ. ಹನ್ನೊಂದು ತಿಂಗಳಲ್ಲಿ ಒಂದು ಪಟ್ಟಿಯೂ ಬಣ್ಣ ತಿರುಗಿರಲಿಲ್ಲ. ಹಿಂದಿನವರು ನಾಲಿಗೆಯಿಂದ ನೋಡ್ತಿದ್ದರಂತೆ ಹೌದಾ, ಎಂದು ಒಮ್ಮೆ ಕೇಳಿದ್ದಳು. ಅದೆಲ್ಲ ಆ ಕಾಲ ಅಮ್ಮಾ, ಎಂದು ಅವನು ಬೇರೆ ಕಡೆ ನೋಡಿದ್ದ. ಮೂವತ್ತೊಂದು ವರ್ಷದಿಂದ ಅವನು ಕೆಲಸದ ಒಂದು ಕಣವನ್ನೂ ನಾಲಿಗೆಗೆ ಸೋಕಿಸಿಲ್ಲ. ಕೆಲಸದ ಹೊತ್ತಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಾನೆ. ಸುಣ್ಣದ ಧೂಳಿಗೆ, ಎನ್ನುತ್ತಾನೆ.

ತೊಟ್ಟಿಯ ಆಚೆ ಬದಿಯಲ್ಲಿ ವಾಲ್ವಿನ ಗುಂಡಿಯೊಳಗೆ ಸೊಂಟದವರೆಗೆ ಇಳಿದಿದ್ದ ವಾಲ್ವ್‌ಮನ್ ತಲೆ ಎತ್ತಿ, “ಏನ್ ಮೇಸ್ತ್ರಿ, ಮದುಮಗನ ಹಾಗೆ ಬಂದಿದ್ದೀರಿ? ಅಂಗಿ ಇಸ್ತ್ರಿ ಬೇರೆ,” ಎಂದ. “ನೀನು ಮೊದಲು ಆ ಗುಂಡಿಯಿಂದ ಹೊರಗೆ ಬಾ, ನಿನ್ನನ್ನೂ ಹೂತಿದ್ದಾರೆ ಅಂದುಕೊಂಡೆ,” ಎಂದ ಅವನು. ತನ್ನ ದನಿ ತನಗೇ ಜೋರಾಗಿ ಕೇಳಿಸಿತು. ಕಲ್ಲನ್ನು ಗೋಣಿ ಸಮೇತ ಇಳಿಸಿ ಕಟ್ಟೆಗೆ ಒರಗಿಸಿದ. ಇಂಜಿನಿಯರಮ್ಮ ಗೋಣಿ ಸರಿಸಿ ಓದಿದಳು. “ನಾಲ್ಕನೇ ಸಾಲು ಎಷ್ಟು ಚೆನ್ನಾಗಿ ಬಂದಿದೆ,” ಎಂದಳು.

ಮೂವತ್ತೊಂದು ವರ್ಷದ ಹಿಂದಿನ ಆ ದಿನವೂ ಹೀಗೇ ಬಿಸಿಲಿತ್ತು. ಆರನೆಯ ನೀರು ಚೆಲ್ಲಿ, ಏಳನೆಯದು ತಿಳಿಯಾಗಲೆಂದು ಬಿಟ್ಟು, ದೊಡ್ಡಪ್ಪ ನೆರಳಿಗೆ ಒರಗಿದ್ದ. ದೋಣಿಯ ಇಬ್ಬರು ಸ್ನೇಹಿತರು ದಡದಿಂದ ಕೂಗಿದರು. ಬರೀ ಕಾಲು ನೆನೆಸುತ್ತೇನೆ ಎಂದುಕೊಂಡು ಇಪ್ಪತ್ತೆರಡರ ಅವನು ಹೋದ. ಮೊದಲ ಅಲೆ ಮೊಣಕಾಲಿಗೆ, ಎರಡನೆಯದು ಎದೆಗೆ. ಮೂರನೆಯದು ಬಂದಾಗ ಅವನೇ ಅದರೊಳಗೆ ತಲೆ ತೂರಿಸಿದ್ದ. ಇಷ್ಟು ವರ್ಷವಾದರೂ ಅವನಿಗೆ ಅರ್ಥವಾಗದ್ದು ಇದೊಂದೇ. ಆ ಅರ್ಧ ಗಂಟೆಯನ್ನು ಎಷ್ಟು ಸಲ ನೆನೆದರೂ ಮೊದಲು ಬರುವುದು ಪಶ್ಚಾತ್ತಾಪವಲ್ಲ, ಆನಂದ. ನೀರು ಎತ್ತಿ ಎತ್ತಿ ಇಳಿಸುತ್ತಿತ್ತು. ಅವನು ಬಾಯಿ ತುಂಬ ಸಮುದ್ರ ತುಂಬಿಕೊಂಡು ಆಕಾಶಕ್ಕೆ ಉಗಿಯುತ್ತ ನಗುತ್ತಿದ್ದ. ಓಡಿ ಬಂದಾಗ ದೊಡ್ಡಪ್ಪ ಬಾನಿಯ ಮುಂದೆ ಕಾಯುತ್ತಿದ್ದ. ಚಿಟಿಕೆ ಮರಳು ಚಾಚಿದ. ಅವನು ನಾಲಿಗೆಗಿಟ್ಟುಕೊಂಡ. ಏನೂ ಇರಲಿಲ್ಲ. ಸಮುದ್ರವನ್ನೇ ಕುಡಿದು ಬಂದ ನಾಲಿಗೆಗೆ ಚಿಟಿಕೆ ಮರಳಿನ ಉಪ್ಪು ಎಲ್ಲಿಯ ಲೆಕ್ಕ? “ಸಪ್ಪೆ, ದೊಡ್ಡಪ್ಪ,” ಎಂದ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಾಲಿಗೆ ಹೇಳಿದ್ದನ್ನೇ ಹೇಳಿದ. ಆದರೆ ನಾಲಿಗೆ ಎಲ್ಲಿಗೆ ಹೋಗಿ ಬಂದಿದೆ ಎಂಬುದನ್ನು ಹೇಳಲಿಲ್ಲ. ದೊಡ್ಡಪ್ಪ ಅವನ ತಲೆಯ ಕಡೆ ನೋಡಿದ. “ತಲೆ ಒರೆಸಿಕೋ, ನೆಗಡಿಯಾಗುತ್ತೆ,” ಎಂದು ಕರಣೆ ಎತ್ತಿಕೊಂಡ.

ಆ ನೋಟವನ್ನು ಅವನು ಮೂವತ್ತೊಂದು ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದಾನೆ. ಸಮುದ್ರ ಎಂದು ಗೊತ್ತಾಗಿತ್ತೇ? ಸೆಖೆಗೆ ಬಾವಿಯ ನೀರು ಸುರಿದುಕೊಂಡ ಎಂದುಕೊಂಡನೇ? ಗೊತ್ತಾಗಿಯೂ ಕರಣೆ ಎತ್ತಿಕೊಂಡನೇ, ಮಗನಂಥವನ ಮಾತನ್ನು ಅನುಮಾನಿಸಲಾರದೆ? ಐದನೆಯ ವರ್ಷ ದವಡೆ ಬಿತ್ತು. ಸಂದುಗಳು ಹಿಟ್ಟಿನ ಹಾಗೆ ಉದುರಿದವು. ಪರೀಕ್ಷೆ ಮಾಡಿದವರು ಮರಳಿನಲ್ಲಿ ಉಪ್ಪಿದೆ ಎಂದರು. ಚೌಕದಲ್ಲಿ, ಊರಿನ ಎದುರು ಕೇಳಿದಾಗ ದೊಡ್ಡಪ್ಪ ಹೇಳಿದ್ದು ಒಂದೇ ಮಾತು: “ಮರಳು ತೊಳೆದದ್ದು ನಾನು.” ಅವನು ಹಿಂದೆ ನಿಂತಿದ್ದ. ಅವನ ಕೈಯಲ್ಲಿ ದೊಡ್ಡಪ್ಪನ ಕೊಡೆಯಿತ್ತು. ಮಳೆಯಿರಲಿಲ್ಲ, ಬಿಸಿಲಿರಲಿಲ್ಲ, ಹಿಡಿದುಕೋ ಎಂದು ಕೊಟ್ಟಿದ್ದ, ಅವನು ಹಿಡಿದುಕೊಂಡಿದ್ದ. ಇಡೀ ವಿಚಾರಣೆಯಲ್ಲಿ ಅವನು ಮಾಡಿದ ಕೆಲಸ ಅದೊಂದೇ. ಆಮೇಲೆ ಊರು ದೊಡ್ಡಪ್ಪನನ್ನು ಉಪ್ಪು ಮೇಸ್ತ್ರಿ ಎಂದು ಕರೆಯಿತು. ಶಾಲೆಯ ಬೋರ್ಡಿನ ಮೇಲೆ ಮಕ್ಕಳು ದವಡೆಯಿಲ್ಲದ ಮೀನು ಬರೆದು ಅಕ್ಕನಿಗಾಗಿ ಕಾದರು. ಅವಳು ಡಸ್ಟರ್ ಎತ್ತಿ ಅದನ್ನು ಒರೆಸಿ, ಅದರ ಮೇಲೆಯೇ ಭಾಗಾಕಾರ ಬರೆದಳಂತೆ. ಅವತ್ತಿನಿಂದ ಚೌಕ ದಾಟಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಹಿಂದಿನ ಬೀದಿಯಿಂದ ಸುತ್ತು ಹಾಕಿ ಹೋಗುವಳು.

ಆ ಅಕ್ಕ ಈಗ ಚೌಕದ ಅಂಚಿನಲ್ಲಿ ನಿಂತಿದ್ದಳು. ನಿನ್ನೆ ಸಂಜೆ ಅವಳ ಮನೆಗೆ ಹೋಗಿ, ನಾಳೆ ನೀರು ಬಿಡ್ತೀವಿ, ಬಾ ಎಂದು ಕರೆದಿದ್ದ. ಬರುವುದಿಲ್ಲ ಎಂಬ ಧೈರ್ಯದಿಂದಲೇ ಕರೆದಿದ್ದ ಎಂದು ಈಗ ಅವಳನ್ನು ಕಂಡ ಕ್ಷಣದಲ್ಲಿ ಗೊತ್ತಾಯಿತು. ಅರವತ್ತರ ಹೆಂಗಸು, ಕೈಯಲ್ಲಿ ಬಟ್ಟೆಯ ಚೀಲ, ಲೆಕ್ಕದ ಟೀಚರಿನ ನೇರ ಬೆನ್ನು. ಸೀದಾ ಬಂದಳು. “ಏನು ಹಾಗೆ ನೋಡ್ತೀಯ? ಕರೆದದ್ದು ನೀನೇ ಅಲ್ವಾ?” “ಬಾ ಅಕ್ಕ. ಕೂತ್ಕೋ.” “ಕೂತ್ಕೊಳ್ಳೋಕೆ ಬರಲಿಲ್ಲ, ನೋಡೋಕೆ ಬಂದೆ.” ಮೀನಿನ ದವಡೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕಟ್ಟೆಗೆ ಒರಗಿದ್ದ ಕಲ್ಲಿನ ಮುಂದೆ ಬಗ್ಗಿ, ಕನ್ನಡಕ ಏರಿಸಿ, ಒಂದನೆಯ ಸಾಲಿನಿಂದ ಓದತೊಡಗಿದಳು. ಅವಳ ತುಟಿಯ ಅಂಚು ದೊಡ್ಡಪ್ಪನದರ ಹಾಗೆ ಅಲುಗುತ್ತಿತ್ತು. ನಾಲ್ಕನೆಯ ಸಾಲಿಗೆ ಬಂದು ತುಟಿ ನಿಂತಿತು. “ಇದು ನೀನೇ ಕೆತ್ತಿದ್ದಾ?” “ಹೂಂ.” “ಅಕ್ಷರ ಚೆನ್ನಾಗಿವೆ,” ಎಂದು ನೆಟ್ಟಗಾದಳು. ಅವಳು ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

“ಬಿಡಲಾ?” ಎಂದು ವಾಲ್ವ್‌ಮನ್ ಗುಂಡಿಯಿಂದ ಕೂಗಿದ. ಅಷ್ಟರಲ್ಲಿ ಅಂಗಡಿಯವರು, ದಾರಿಹೋಕರು, ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು. ಇಂಜಿನಿಯರಮ್ಮ ಗಡಿಯಾರ ನೋಡಿ ಕೈಯೆತ್ತಿದಳು. ವಾಲ್ವಿನ ಚಕ್ರ ಕಿರುಗುಟ್ಟಿತು. ಅವನು ಕಟ್ಟೆ ಹತ್ತಿ, ತೊಟ್ಟಿಗಿಳಿದು, ಕಂಬಕ್ಕೆ ಕಿವಿಯಿಟ್ಟ. ಮೊದಲು ಏನೂ ಇಲ್ಲ. ಆಮೇಲೆ ಬಹಳ ದೂರದಲ್ಲಿ, ಗುಡ್ಡದ ಟ್ಯಾಂಕಿನ ಕಡೆಯಿಂದ, ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ಮತ್ತೆ ಇನ್ನೂ ಹತ್ತಿರ. ಕೊಳವೆಯೊಳಗಿನ ಗಾಳಿ ಮುಂದೆ ಮುಂದೆ ಓಡಿಬರುತ್ತಿತ್ತು, ಅದರ ಬೆನ್ನಿಗೆ ನೀರು. ಕಲ್ಲು ಅವನ ಕೆನ್ನೆಯ ಕೆಳಗೆ ನಡುಗಿತು. “ಬಂತು,” ಎಂದ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಮಾರುಕಟ್ಟೆಯ ಮೀನು ಒಮ್ಮೆ ಕೆಮ್ಮಿತು, ಧೂಳು ಉಗಿಯಿತು, ಕೆಂಪು ನೀರು ಉಗಿಯಿತು, ಆಮೇಲೆ ಬೆಳ್ಳಗೆ ಕಮಾನು ಕಟ್ಟಿ ಸುರಿಯಿತು. ಜನ ಹೋ ಎಂದರು. ಶಾಲೆಯ ಮೀನು. ಆಫೀಸಿನ ಮೀನು, “ಅದು ತಡ ಮಾಡೇ ಮಾಡುತ್ತೆ, ಆಫೀಸಿನದಲ್ವಾ,” ಎಂದು ಯಾರೋ ಅಂದರು, ಇಂಜಿನಿಯರಮ್ಮನೂ ನಕ್ಕಳು. ಸಮುದ್ರದ ಮೀನು ಮಾತ್ರ ಬಾಯಿ ತೆರೆದುಕೊಂಡೇ ನಿಂತಿತ್ತು.

ಒಂದು ನಿಮಿಷ. ಎರಡು. ಜನರ ಸದ್ದು ಇಳಿಯಿತು. ಅಕ್ಕ ಆ ಬಾಯಿಯನ್ನೇ ನೋಡುತ್ತಿದ್ದಳು. ಎಲ್ಲಿ ತಪ್ಪಿದೆ? ಅವನು ಎಲ್ಲ ಸಂದನ್ನೂ ಮತ್ತೆ ಮನಸ್ಸಿನಲ್ಲಿ ಮುಟ್ಟಿ ಬಂದ. “ಗಾಳಿ ಸಿಕ್ಕಿಕೊಂಡಿದೆ, ಮೇಸ್ತ್ರಿ,” ಎಂದ ವಾಲ್ವ್‌ಮನ್. “ಆ ಕೊಳವೆ ಬಾಗಿ ಬರುತ್ತಲ್ಲ. ಪಂಪು ತರಿಸಬೇಕು.” ಪಂಪು ಬೇಡ. ಗಾಳಿ ಕಟ್ಟಿದಾಗ ದೊಡ್ಡಪ್ಪ ಏನು ಮಾಡುತ್ತಿದ್ದ ಎಂದು ಅವನಿಗೆ ಗೊತ್ತಿತ್ತು. ಅದು ಗೊತ್ತಿದ್ದವನು ಊರಿನಲ್ಲಿ ಈಗ ಅವನೊಬ್ಬನೇ. ಬಗ್ಗಿದ, ಮೀನಿನ ಬಾಯೊಳಗಿನ ಹಿತ್ತಾಳೆಯ ಕೊಳವೆಗೆ ತನ್ನ ಬಾಯಿ ಹಚ್ಚಿದ. “ಮೀನಿಗೆ ಮುತ್ತು ಕೊಡ್ತಿದ್ದಾರೆ, ಮನೇಲಿ ಗೊತ್ತಾದರೆ ಅಷ್ಟೆ,” ಎಂದ ವಾಲ್ವ್‌ಮನ್, ಜನ ಗೊಳ್ಳೆಂದರು. ಅವನು ಕಣ್ಣು ಮುಚ್ಚಿ ಎಳೆದ. ಹಿತ್ತಾಳೆಯ ಕಮಟು. ಮತ್ತೆ ಎಳೆದ. ಎದೆ ಬಿರಿಯುವ ಹಾಗೆ ಮೂರನೆಯ ಸಲ ಎಳೆದಾಗ ಗಾಳಿ ಗಂಟಲಿಗೆ ಗುದ್ದಿತು, ಅದರ ಹಿಂದೆಯೇ ನೀರು, ಬಾಯಿಗೆ, ಮೂಗಿಗೆ, ಕಣ್ಣಿಗೆ, ತಲೆಯ ಮೇಲೆ. ಅವನು ಹಿಮ್ಮೆಟ್ಟಿ, ಜಾರಿ, ತೊಟ್ಟಿಯ ನೀರಿನಲ್ಲಿ ಕೂತೇಬಿಟ್ಟ. ಎದೆಯೆತ್ತರದಿಂದ ನಾಲ್ಕನೆಯ ಮೀನು ಅವನ ನೆತ್ತಿಗೇ ಸುರಿಯುತ್ತಿತ್ತು.

ಬಾಯಿ ತುಂಬ ಇದ್ದ ನೀರನ್ನು ಅವನು ಉಗಿಯಲಿಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡ. ನುಂಗಿದ. ಆಮೇಲೆ ನಕ್ಕ. ಇಪ್ಪತ್ತೆರಡು ವರ್ಷದವನ ನಗು, ಆ ಅಲೆಗಳೊಳಗಿನದೇ, ಎಲ್ಲಿ ಹೋಗಿತ್ತೋ ಏನೋ, ಕೊಳವೆಯಲ್ಲಿ ಕಟ್ಟಿಕೊಂಡಿದ್ದ ಗಾಳಿಯ ಹಾಗೆ ಬುಗ್ಗನೆ ಬಂತು. ಇಂಜಿನಿಯರಮ್ಮ ಚಪ್ಪಾಳೆ ತಟ್ಟುತ್ತಿದ್ದಳು. ಯಾರೋ ಕೈಹಿಡಿದು ಮೇಲೆತ್ತಿ ಕಟ್ಟೆಯ ಮೇಲೆ ಕೂರಿಸಿದರು. ಅಕ್ಕ ಚೀಲದಿಂದ ಟವೆಲು ತೆಗೆದು ಅವನ ತೊಡೆಯ ಮೇಲೆ ಹಾಕಿದಳು.

“ತಲೆ ಒರೆಸಿಕೋ, ನೆಗಡಿಯಾಗುತ್ತೆ,” ಎಂದಳು.

ಇಪ್ಪತ್ತಾರು ವರ್ಷ ಅವನು ತನ್ನ ತಪ್ಪನ್ನು ಅಳುತ್ತ ಹೇಳುವುದನ್ನು ಅಭ್ಯಾಸ ಮಾಡಿದ್ದ. ಕಾಲು ಹಿಡಿದುಕೊಂಡು, ಕತ್ತಲೆಯ ಕೋಣೆಯಲ್ಲಿ, ಅವಳೊಬ್ಬಳ ಎದುರಿಗೆ. ಬಂದದ್ದು ನಗುತ್ತ, ಹಗಲಿನಲ್ಲಿ, ಊರಿನ ಎದುರಿಗೆ. “ಅಕ್ಕ, ಅವತ್ತೂ ನನ್ನ ತಲೆ ಒದ್ದೆಯಾಗಿತ್ತು,” ಎಂದ. “ಸಮುದ್ರದಲ್ಲಿ ಮುಳುಗಿ ಬಂದಿದ್ದೆ. ದೊಡ್ಡಪ್ಪನಿಗೆ ಜ್ವರ ಬಂದ ಮೇಲೆ ರುಚಿ ಹೋಗಿತ್ತು. ಮರಳು ನೋಡಿದ್ದು ಅವರಲ್ಲ, ನಾನು. ಬಾಯೆಲ್ಲ ಸಮುದ್ರ ಇಟ್ಕೊಂಡು ಸಪ್ಪೆ ಅಂದೆ. ಅವರು ನಂಬಿದರು.” ವಾಲ್ವ್‌ಮನ್ ಇದೂ ತಮಾಷೆಯೆಂದು ಜೋರಾಗಿ ನಕ್ಕ. ಇನ್ನಿಬ್ಬರು ನಕ್ಕರು. ಅವನ ಮುಖದಲ್ಲಿ ನಗು ಇನ್ನೂ ಇತ್ತು, ಅದನ್ನು ತೆಗೆಯುವುದು ಹೇಗೆಂದು ತಿಳಿಯದೆ ಹಾಗೇ ಇಟ್ಟುಕೊಂಡಿದ್ದ. ತಲೆಯಿಂದ ನೀರು ಇಳಿಯುತ್ತಿತ್ತು. ಒಬ್ಬೊಬ್ಬರಾಗಿ ಅಕ್ಕನ ಮುಖ ನೋಡಿ ಸುಮ್ಮನಾದರು.

ನಾಲ್ಕು ಮೀನುಗಳ ಸದ್ದು ಚೌಕವನ್ನೆಲ್ಲ ತುಂಬಿತ್ತು. ಕೊನೆಗೆ ಅಕ್ಕ, “ಹೇಗಿತ್ತು?” ಎಂದಳು.

“ಏನು?”

“ಸಮುದ್ರ.”

ಅವನು ಹೇಳಲು ಒಂದು ಸುಳ್ಳು ಹುಡುಕಿದ, ಸಿಗಲಿಲ್ಲ. “ಚೆನ್ನಾಗಿತ್ತು ಅಕ್ಕ,” ಎಂದ. “ತುಂಬ ಚೆನ್ನಾಗಿತ್ತು.”

“ನಾನು ಇವತ್ತಿನವರೆಗೂ ಕಾಲಿಟ್ಟಿಲ್ಲ,” ಎಂದಳು. ದನಿ ಏರಲಿಲ್ಲ, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ಅದೇ ದನಿ. “ಅಪ್ಪನ ಮುಖಕ್ಕೇ ಸೋಮಾರಿ ಅಂದಿದ್ದೆ. ಒಂದು ನೀರು ಹೆಚ್ಚು ತೊಳೆಯೋಕೆ ಆಗಲಿಲ್ವಾ ಅಂತ. ಹೂಂ ಅಂದರು. ಆಮೇಲೆ ಏಳು ವರ್ಷ ಇದ್ದರು, ನಾನು ಬಡಿಸ್ತಿದ್ದೆ, ಅವರು ಹದವಾಗಿದೆ ಅಂತಿದ್ದರು. ನಾನು ಅದಕ್ಕೂ ಉತ್ತರ ಕೊಡ್ತಿರಲಿಲ್ಲ.” ಅವನ ನಗು ಆಗ ತಾನಾಗಿ ಹೋಯಿತು. “ಅಕ್ಕ...” “ನಿನ್ನ ವಿಷಯ ಆಮೇಲೆ. ನಿನಗೆ ಅಂತ ಒಂದು ದಿನ ಪೂರ್ತಿ ಇಟ್ಕೊಂಡು ಬೈತೀನಿ. ಮೊದಲು ಆ ಕಲ್ಲು.”

ಇಂಜಿನಿಯರಮ್ಮ ನಡುವೆ ಬಂದಳು. ಬರಹ ಮಂಜೂರಾಗಿದೆ, ನಾಳೆ ಹತ್ತಕ್ಕೆ ಉದ್ಘಾಟನೆ, ಈಗ ಬದಲಿಸಿದರೆ ನಾನು ಯಾರಿಗೆ ಏನು ಹೇಳಲಿ ಎಂದಳು. “ನಿಮ್ಮ ಆಫೀಸಲ್ಲಿ ಸುಳ್ಳು ಮಂಜೂರಾಗಿದೆ ಅಂತ ಹೇಳಿ,” ಎಂದಳು ಅಕ್ಕ. ಇಂಜಿನಿಯರಮ್ಮ ಅವಳನ್ನೂ ಅವನನ್ನೂ ಕಲ್ಲನ್ನೂ ನೋಡಿದಳು. “ಮೇಸ್ತ್ರಿಗಳೇ, ಈಗ ಹೇಳಿದ್ದನ್ನ ಬರೆದು ಸಹಿ ಮಾಡ್ತೀರಾ? ಯೋಚನೆ ಮಾಡಿ. ಮುಂದೆ ನಿಮಗೆ ಇಂಥ ಕೆಲಸ ಸಿಗದೇ ಇರಬಹುದು.” ಅವಳು ಚಾಚಿದ ಪುಸ್ತಕದಲ್ಲಿ ಅವನು ನಿಂತೇ ಬರೆದ. ಒದ್ದೆ ಕೈಗೆ ಶಾಯಿ ಹರಡಿತು, ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದವು; ಕಲ್ಲಿನಲ್ಲಿ ಅಷ್ಟು ಚೆನ್ನಾಗಿ ಬಂದ ಕೈಬರಹ ಕಾಗದದಲ್ಲಿ ಮೊದಲ ತರಗತಿಯವನದಾಗಿತ್ತು. ದರ್ಜಿ ಅವನ ಭುಜದ ಮೇಲಿನಿಂದ ಇಣುಕಿ ಓದುತ್ತಿದ್ದ. ಓದಲಿ ಎನಿಸಿತು. ಸಹಿಯ ಕೆಳಗೆ ತಾರೀಕನ್ನೂ ಹಾಕಿದ. ಬೆಳಿಗ್ಗೆ ಎದ್ದಾಗಿನದೇ ಆ ಸಂಭ್ರಮ ಇನ್ನೂ ಮೈಯೊಳಗೆ ಓಡಾಡುತ್ತಿತ್ತು, ನಾಚಿಕೆ ಬಂದರೂ ಅದು ಹೋಗಿರಲಿಲ್ಲ, ಎರಡೂ ಒಂದೇ ಕೊಳವೆಯಲ್ಲಿ ಹರಿಯುತ್ತಿದ್ದವು.

ಅವನೂ ವಾಲ್ವ್‌ಮನ್ನೂ ಸೇರಿ ಕಲ್ಲನ್ನು ಕವುಚಿ ಹಾಕಿದರು. ಹಿಂಬದಿ ನಯವಾಗಿಯೇ ಇತ್ತು, ಬರೀ ಖಾಲಿ. ಸಂಜೆಗೆ ಇನ್ನೂ ಆರು ಗಂಟೆ ಇದೆ. ವಾಲ್ವ್‌ಮನ್ ಈಗ ತಮಾಷೆ ಮಾಡಲಿಲ್ಲ. ನೆರಳಿಗೆಂದು ಗೋಣಿ ಕಟ್ಟಲು ಎರಡು ಕೋಲು ಹುಡುಕಿಕೊಂಡು ಹೋದ. ಅವನು ಉಳಿ ತೆಗೆದ. ಅಭ್ಯಾಸದಂತೆ ಬಾಯಿಗೆ ಕಟ್ಟುವ ಬಟ್ಟೆಗಾಗಿ ಜೇಬಿಗೆ ಕೈ ಹಾಕಿದ. ಅದು ನೆನೆದು ಮುದ್ದೆಯಾಗಿತ್ತು. ಹಿಂಡಿ ಕಟ್ಟೆಯ ಮೇಲೆ ಒಣಹಾಕಿದ. ಬಾಯಿ ಕಟ್ಟದೆ ಕೂತ.

“ಏನು ಕೆತ್ತಲಿ, ಅಕ್ಕ?”

ಕಟ್ಟೆಯ ಪಕ್ಕದಲ್ಲಿ ಕೆಲಸ ಮುಗಿದು ಉಳಿದ ಮರಳು ಮೊಣಕಾಲೆತ್ತರದ ಗುಡ್ಡೆಯಾಗಿತ್ತು. ಅವಳು ಅದರ ಮುಂದೆ ಕೂತು, ಮೇಲಿನ ಪದರವನ್ನು ಅಂಗೈಯಿಂದ ಸರಿಸಿ, ಒಳಗಿನಿಂದ ಒಂದು ಚಿಟಿಕೆ ಎತ್ತಿಕೊಂಡಳು. ಜೀವಮಾನವೆಲ್ಲ ಕಾದಿಟ್ಟ ನಾಲಿಗೆ, ಯಾರೂ ಒಮ್ಮೆಯೂ ಕೇಳದಿದ್ದದ್ದು. ಕಣ್ಣು ಮುಚ್ಚಿ ತುದಿಗಿಟ್ಟುಕೊಂಡಳು. ತುಟಿಯ ಅಂಚು ಅಲುಗಿತು. ಅವನು ಉಳಿಯನ್ನು ಎದೆಗೆ ಒತ್ತಿ ಹಿಡಿದು, ದೊಡ್ಡಪ್ಪನ ಎದುರು ನಿಲ್ಲುತ್ತಿದ್ದಂತೆ, ಉಸಿರು ಬಿಗಿಹಿಡಿದು ಕಾದ. ಇಂಜಿನಿಯರಮ್ಮ ಡಬ್ಬಿಯನ್ನು ತೆರೆಯಲಿಲ್ಲ. ಒಂದು ಪದ್ಯದಷ್ಟು ಹೊತ್ತು. ಅದಕ್ಕಿಂತ ಸ್ವಲ್ಪ ಹೆಚ್ಚೇ.

“ಸಪ್ಪೆ,” ಎಂದಳು. ಪಕ್ಕಕ್ಕೆ ಉಗಿದು, ಸೆರಗಿನಿಂದ ತುಟಿ ಒರೆಸಿಕೊಂಡಳು. “ಮೊದಲು ಅಪ್ಪನ ಹೆಸರು ಕೆತ್ತು. ದೊಡ್ಡದಾಗಿ. ಆಮೇಲೆ ಮುಂದಿನದು ಹೇಳ್ತೀನಿ.”

ಅವನು ಕಲ್ಲಿನ ಮೇಲೆ ಬಗ್ಗಿದ. ಮೊದಲ ಏಟಿಗೆ ಬಿಳಿಯ ಪುಡಿ ಹಾರಿ ಅವನ ಒದ್ದೆ ತುಟಿಗೆ ಅಂಟಿತು, ಅವನು ಅದನ್ನು ನೆಕ್ಕಿಕೊಂಡ.